ಜಗಲಿ ಬದಿಯ ಬುಲೆಟ್ಟಿಗೆ ಮಳೆಗಾಲದ ತಯಾರಿ

(ಮೇ ತಿಂಗಳ ಕೊನೆಯ ಭಾನುವಾರ ಶಿರಸಿಯಲ್ಲಿ, ಹಳೆ ಮಾದರಿಯ ಬೈಕುಗಳನ್ನು ಪ್ರೀತಿಸುವ ಗೆಳೆಯರ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವ ಮುಂಚೆ ಅಂಗಳದಲ್ಲಿ ಸಾಲಾಗಿ ನಿಂತ ಬೈಕುಗಳನ್ನು ಒಂದು ಸುತ್ತು ನೋಡಿಬಂದೆ. ಎರಡು ಯೆಜ್ಡಿ ರೋಡ್‌ಕಿಂಗ್, ಎರಕದ ಕಬ್ಬಿಣದ ಇಂಜಿನ್ನಿನ ಹಳೆಯ ಬುಲೆಟ್ ನಾಲ್ಕೈದು, ಉಳಿದವೆಲ್ಲ 2009ರ ನಂತರ ಬಂದ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್‌ಗಳು. ಎಲ್ಲವೂ ಥಳಥಳ ಹೊಳೆಯುತ್ತಿವೆ. ಮೇ ತಿಂಗಳಲ್ಲಿ ಹೊಳೆಯುವುದು ಸಹಜ. ಆಯುಧಪೂಜೆಯ ದಿನ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಹೂವಿನ ಮಾಲೆ ಹಾಕುವಾಗ ಇವೇ ಬೈಕುಗಳು ಹೇಗಿರುತ್ತವೆ ಎನ್ನುವುದು ನನಗೆ ಮುಖ್ಯ. ನಮ್ಮ ಜಿಲ್ಲೆಯಲ್ಲಿ ಬೈಕಿನ ಆಯುಷ್ಯ ನಿರ್ಧಾರವಾಗುವುದು ನಡುವಿನ ಆ ನಾಲ್ಕು ತಿಂಗಳಲ್ಲಿ.

ನಾನು ಮೆಕ್ಯಾನಿಕ್ ಅಲ್ಲ, ಹುಲೇಕಲ್ ಕಡೆಯ ಅಡಿಕೆ ಬೆಳೆಗಾರ. ಅಪ್ಪ ಕೊಂಡ ಬುಲೆಟ್ಟನ್ನು ಇಪ್ಪತ್ತೆಂಟು ವರ್ಷದಿಂದ ನಾನೇ ನೋಡಿಕೊಂಡು ಬಂದಿದ್ದೇನೆ. ಹೆಂಡತಿಯ ತವರು ಕಾರವಾರ. ಹಾಗಾಗಿ ಭಾವನ ಕ್ಲಾಸಿಕ್ ಕೂಡ ವರ್ಷಕ್ಕೆರಡು ಸಲ ನನ್ನ ಕೈಗೆ ಬರುತ್ತದೆ. ಒಂದು ಬೈಕು ಘಟ್ಟದ ಮೇಲೆ, ಇನ್ನೊಂದು ಘಟ್ಟದ ಕೆಳಗೆ. ಈ ಎರಡನ್ನೂ ಬಿಚ್ಚಿ, ಒರೆಸಿ, ಜೋಡಿಸುತ್ತ ನನಗೆ ಗಟ್ಟಿಯಾಗಿ ಅನ್ನಿಸಿದ ಒಂದು ಮಾತನ್ನು ಹೇಳಲು ಇಲ್ಲಿ ನಿಂತಿದ್ದೇನೆ. ಬೈಕಿನ ಜೊತೆ ಬರುವ ಪುಸ್ತಕ ಇಷ್ಟು ಸಾವಿರ ಕಿಲೋಮೀಟರ್, ಇಷ್ಟು ತಿಂಗಳು ಎಂದು ಸರ್ವಿಸಿನ ಲೆಕ್ಕ ಹಾಕುತ್ತದೆ. ಮಳೆ, ಉಪ್ಪು, ತುಕ್ಕು ಹಾಕುವುದು ರಾತ್ರಿಗಳ ಲೆಕ್ಕ. ಒದ್ದೆಯಾಗಿ ನಿಂತ ಒಂದೊಂದು ರಾತ್ರಿಯೂ ಅದರ ಖಾತೆಗೆ ಜಮೆ. ಆ ರಾತ್ರಿ ಬೈಕಿನ ಹತ್ತಿರ ಇರುವವರು ನಾವು, ಗ್ಯಾರೇಜಿನವರಲ್ಲ. ಆದ್ದರಿಂದ ಕೆಲವು ಕೆಲಸ ಮನೆಯಲ್ಲೇ ಆಗಬೇಕು. ದುಡ್ಡು ಉಳಿಯುತ್ತದೆ ನಿಜ, ಆದರೆ ಅದು ಸಣ್ಣ ಲಾಭ.

ಅಡಿಕೆ ತೋಟದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಕೊಳೆ ಔಷಧಿಯ ಮೊದಲ ಸಿಂಪಡಣೆಯನ್ನು ನಾವು ಮಳೆ ಹಿಡಿಯುವ ಮುಂಚೆಯೇ ಮುಗಿಸುತ್ತೇವೆ. ಕಾಯಿ ಉದುರಲು ಶುರುವಾದ ಮೇಲೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡನನ್ನು ಹುಡುಕಿಕೊಂಡು ಹೋದರೆ ಆ ವರ್ಷದ ಬೆಳೆ ಕೈತಪ್ಪಿದಂತೆಯೇ. ತುಕ್ಕಿನದೂ ಅದೇ ಕತೆ.

ಭಾವನ ಬೈಕಿನಿಂದ ಶುರು ಮಾಡುತ್ತೇನೆ. ಕಾರವಾರದಲ್ಲಿ ಅವನ ಮನೆಗೂ ಸಮುದ್ರಕ್ಕೂ ನಡುವೆ ಇರುವುದು ಒಂದು ಸಾಲು ತೆಂಗಿನ ಮರ, ಒಂದು ರಸ್ತೆ. ಹೊಸ ಬೈಕು ತಂದ ಮೊದಲ ಮಳೆಗಾಲ ಮುಗಿದ ಮೇಲೆ ನಾನು ಹೋಗಿ ನೋಡಿದಾಗ ಸೈಲೆನ್ಸರಿನ ಬೆಂಡಿನ ಮೇಲೆ ಸಾಸಿವೆ ಕಾಳಿನಷ್ಟು ಕಂದು ಚುಕ್ಕೆಗಳು, ಸ್ಪೋಕುಗಳ ತುದಿಯ ನಿಪ್ಪಲ್‌ಗಳೆಲ್ಲ ಕೆಂಪು, ಹ್ಯಾಂಡಲ್ಲಿನ ಕೆಳಭಾಗ ಕೈಗೆ ಒರಟು. ಸರ್ವಿಸ್ ಒಂದೂ ತಪ್ಪಿಸಿರಲಿಲ್ಲ. ಬೈಕನ್ನು ಬೀಚಿಗೆ ಇಳಿಸಿದವನೂ ಅಲ್ಲ. ಜೊತೆಗೆ ದಪ್ಪನೆಯ ಪ್ಲಾಸ್ಟಿಕ್ ಹೊದಿಕೆ ಬೇರೆ ಹಾಕಿಟ್ಟಿದ್ದ. ಆ ಹೊದಿಕೆ ಎತ್ತಿದೆ. ಒಳಮೈಯೆಲ್ಲ ಬೆವರಿದ ಹಾಗೆ ಹನಿ ಹನಿ. ಹೊರಗಿನ ಮಳೆಯನ್ನು ತಡೆದದ್ದೇನೋ ಹೌದು, ಒಳಗಿನ ಹಬೆಯನ್ನು ಹೋಗಗೊಡಲಿಲ್ಲ. ನಾಲ್ಕು ತಿಂಗಳು ಬೈಕು ಆ ಹಬೆಯಲ್ಲೇ ನಿಂತಿತ್ತು.

ಕ್ರೋಮ್ ಎಂದರೆ ತುಕ್ಕು ಹಿಡಿಯದ ಲೋಹ ಎಂದು ನಾವು ನಂಬಿದ್ದೇವೆ. ಕ್ರೋಮಿಗೆ ಹಿಡಿಯುವುದಿಲ್ಲ, ಸರಿ. ಆದರೆ ಅದು ಬಹಳ ತೆಳ್ಳಗಿನ ಲೇಪ. ಅದರ ಕೆಳಗೆ ನಿಕ್ಕಲ್, ಅದರ ಕೆಳಗೆ ಮಾಮೂಲಿ ಉಕ್ಕು. ಲೇಪದಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ಬಿರುಕು, ರಂಧ್ರಗಳಿರುತ್ತವೆ. ನೀರು ಅಲ್ಲಿಂದ ಇಳಿದು ಉಕ್ಕನ್ನು ಮುಟ್ಟುತ್ತದೆ. ಕಡಲ ಗಾಳಿಯಲ್ಲಿ ಬರುವ ಉಪ್ಪು ಎರಡು ರೀತಿ ಕೇಡು ಮಾಡುತ್ತದೆ. ಉಪ್ಪು ಬೆರೆತ ನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ, ತುಕ್ಕಿನ ಕ್ರಿಯೆಗೆ ಬೇಕಾದದ್ದೇ ಅದು. ಮೇಲಾಗಿ ಉಪ್ಪು ಗಾಳಿಯ ತೇವವನ್ನು ತಾನೇ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೋಡಿ, ಯಾರೂ ನೀರು ಹಾಕದಿದ್ದರೂ ಒದ್ದೆ. ಬೈಕಿನ ಮೇಲೆ ಕೂತ ಉಪ್ಪೂ ಹಾಗೆಯೇ ಲೋಹವನ್ನು ಸದಾ ಪಸೆಯಾಗಿಟ್ಟಿರುತ್ತದೆ. ನಮ್ಮ ಕಣ್ಣಿಗೆ ಮಾತ್ರ ಅದು ಒಣಗಿದ ಬೈಕು.

ಹಾಗಾದರೆ ಏನು ಮಾಡಬೇಕು? ಉಪ್ಪನ್ನು ಕರಗಿಸಿ ತೆಗೆಯಲು ಬಾವಿ ನೀರಿಗಿಂತ ಒಳ್ಳೆಯ ಔಷಧಿ ಇಲ್ಲ. ಕರಾವಳಿಯವರು ವಾರಕ್ಕೊಮ್ಮೆ, ಇಂಜಿನ್ ಪೂರ್ತಿ ತಣ್ಣಗಾದ ಮೇಲೆ, ಎರಡು ಕೊಡಪಾನ ಸಿಹಿನೀರು ನಿಧಾನಕ್ಕೆ ಹೊಯ್ಯಿರಿ. ಜೋರು ಒತ್ತಡದ ಪೈಪ್ ಬೇಡ. ಅದು ಚಕ್ರದ ಬೇರಿಂಗಿನ ಸೀಲ್ ದಾಟಿ, ಸ್ವಿಚ್ಚುಗಳ ಒಳಗೆ, ಹೆಡ್‌ಲೈಟಿನ ಒಳಗೆ ನೀರು ನುಗ್ಗಿಸುತ್ತದೆ. ಆಮೇಲೆ ಹಳೆ ಪಂಚೆಯಿಂದ ಒರೆಸಿ. ಒರೆಸುವುದೆಂದರೆ ಟ್ಯಾಂಕ್ ಒರೆಸುವುದಲ್ಲ. ಟ್ಯಾಂಕಿಗೆ ಬಣ್ಣವಿದೆ, ಅದಕ್ಕೆ ಅಷ್ಟು ಬೇಗ ಏನೂ ಆಗುವುದಿಲ್ಲ. ಮಡ್‌ಗಾರ್ಡಿನ ಒಳಮೈ, ಸ್ಟ್ಯಾಂಡಿನ ಬುಡ, ಸೀಟಿನ ಕೆಳಗಿನ ಸ್ಪ್ರಿಂಗ್, ಸ್ಪೋಕು ರಿಮ್ಮಿಗೆ ಸೇರುವ ಜಾಗ, ಬ್ಯಾಟರಿ ಪೆಟ್ಟಿಗೆಯ ತಳ, ನೀರು ಅಡಗಿ ಕೂರುವುದು ಇಲ್ಲೆಲ್ಲ. ಕೊನೆಗೆ ಐದು ಕಿಲೋಮೀಟರ್ ಓಡಿಸಿ ಬಂದರೆ ಬಟ್ಟೆ ತಲುಪದ ಕಡೆ ಗಾಳಿ, ಬಿಸಿ ತಲುಪುತ್ತದೆ. ಕ್ರೋಮಿಗೆ ನಾನು ಕೊಬ್ಬರಿ ಎಣ್ಣೆಯನ್ನು ಬಟ್ಟೆಯಲ್ಲಿ ತೆಳ್ಳಗೆ ಸವರುತ್ತೇನೆ. ಸೈಲೆನ್ಸರಿಗೆ ಬೇಡ, ಸುಟ್ಟು ಕಲೆ ಕೂರುತ್ತದೆ. ಹಿಂದಿನ ಕ್ಯಾರಿಯರಿನಲ್ಲಿ ಮೀನಿನ ಪೆಟ್ಟಿಗೆ ಸಾಗಿಸುವವರು ಐಸು ಕರಗಿದ ಉಪ್ಪುನೀರು ಹಿಂದಿನ ರಿಮ್ಮಿನ ಮೇಲೆ ಸೋರದ ಹಾಗೆ ಒಂದು ರಬ್ಬರ್ ಹಾಳೆ ಕಟ್ಟಿಕೊಳ್ಳಿ. ಹೊದಿಕೆ ಬೇಕೇ ಬೇಕೆಂದಿದ್ದರೆ ಹಳೆಯ ಹತ್ತಿ ಬೆಡ್‌ಶೀಟು ಸಾಕು, ಸೂರಿನ ಕೆಳಗೆ, ಗಾಳಿಯಾಡುವ ಕಡೆ.

ಈಗ ಘಟ್ಟದ ಮೇಲಿನವರ ವಿಷಯ. ಇಲ್ಲಿ ಉಪ್ಪಿನ ಕಾಟ ಇಲ್ಲ, ಆದರೆ ನಮ್ಮದೇ ಆದ ಎರಡು ತಪ್ಪುಗಳಿವೆ. ಒಂದು, ಬೈಕನ್ನು ಕೊಟ್ಟಿಗೆಯಲ್ಲಿ ನಿಲ್ಲಿಸುವುದು. ಗಂಜಲದಿಂದ ಏಳುವ ಅಮೋನಿಯ ತಾಮ್ರ, ಹಿತ್ತಾಳೆಯನ್ನು ತಿನ್ನುತ್ತದೆ. ವೈರಿನ ತುದಿ, ಬಲ್ಬಿನ ಹೋಲ್ಡರ್, ಸ್ವಿಚ್ಚಿನೊಳಗಿನ ಪಟ್ಟಿ ಎಲ್ಲ ಆ ಲೋಹದವೇ. ಹಾರ್ನ್ ಒಮ್ಮೆ ಕೂಗುತ್ತದೆ, ಒಮ್ಮೆ ಇಲ್ಲ, ಇಂಡಿಕೇಟರ್ ಮಂಕು. ಇಂಥ ಬೈಕು ಎಲ್ಲಿ ನಿಲ್ಲುತ್ತದೆ ಎಂದು ಮೊದಲು ಕೇಳಿ. ಇಲಿಗಳಂತೂ ವೈರಿನ ಹೊದಿಕೆಯನ್ನು ಬಿಡುವುದೇ ಇಲ್ಲ. ಎರಡನೆಯದು ಮೈಲುತುತ್ತ, ಕೊಳೆ ಔಷಧಿಗೆ ಬಳಸುವ ತಾಮ್ರದ ಸಲ್ಫೇಟ್. ಕೊಳೆ ಔಷಧಿಯ ಡಬ್ಬಿಯನ್ನು ಬೈಕಿನ ಮೇಲೆ ಸಾಗಿಸುತ್ತೇವೆ, ಹನಿ ಚೆಲ್ಲುತ್ತದೆ, ಸಂಜೆ ತೊಳೆದರಾಯಿತು ಎಂದು ಬಿಡುತ್ತೇವೆ. ತಾಮ್ರದ ಆ ಉಪ್ಪು ಕಬ್ಬಿಣದ ಮೇಲೆ ಬಿದ್ದರೆ ಕಬ್ಬಿಣ ಕರಗಿ ಆ ಜಾಗದಲ್ಲಿ ತಾಮ್ರ ಕೂರುತ್ತದೆ. ಅಲ್ಯೂಮಿನಿಯಮ್ ಮೇಲೆ ಬಿದ್ದರೆ ಗುಳಿ ಬೀಳುತ್ತದೆ. ನನ್ನ ಬುಲೆಟ್ಟಿನ ಇಂಜಿನ್ ಕವರಿನ ಮೇಲೆ ಗುಳಿಗಳ ಒಂದು ಗುಂಪಿದೆ. ಹದಿನೈದು ವರ್ಷ ಪಾಲಿಶ್ ಹಾಕಿದರೂ ಹೋಗಿಲ್ಲ. ಚೆಲ್ಲಿದ ಕೂಡಲೇ ನೀರು ಹಾಕಬೇಕು, ಅಲ್ಲಿಯೇ, ತೋಟದ ಕಾದಿಗೆಯ, ಅಂದರೆ ಕಾಲುವೆಯ ನೀರಾದರೂ ಆದೀತು.

ಇನ್ನು, ಮನೆಯಲ್ಲೇ ಬೈಕು ನೋಡಿಕೊಳ್ಳುವುದು ಯಾಕೆ ಬೇಕು ಎಂದು ನನಗೆ ಕಲಿಸಿದ ಒಂದು ಜುಲೈ ತಿಂಗಳ ಕತೆ. ಹನ್ನೆರಡು ವರ್ಷದ ಹಿಂದಿನದು. ಅಪ್ಪನ ಬುಲೆಟ್ಟಿಗೆ ವಿಚಿತ್ರ ಕಾಯಿಲೆ ಹತ್ತಿತು. ಶಿರಸಿ ಪೇಟೆಯಲ್ಲಿ ಎಷ್ಟು ಸುತ್ತಿದರೂ ಗಡಿಯಾರದ ಹಾಗೆ ಓಡುತ್ತದೆ. ದೇವಿಮನೆ ಘಟ್ಟ ಹತ್ತುವಾಗ ಮಾತ್ರ ನಡುದಾರಿಯಲ್ಲಿ ಉಸಿರು ಕಟ್ಟಿದಂತಾಗಿ ನಿಲ್ಲುತ್ತದೆ. ಹತ್ತು ನಿಮಿಷ ಬಿಟ್ಟು ಒದ್ದರೆ ಮತ್ತೆ ಶುರು. ಎರಡು ಮೂರು ಕಿಲೋಮೀಟರ್ ಹೋಗಿ ಮತ್ತೆ ನಿಂತಿತು. ಒಂದು ಗ್ಯಾರೇಜಿನಲ್ಲಿ ಪ್ಲಗ್ ಬದಲಾಯಿತು. ಇನ್ನೊಂದರಲ್ಲಿ ಕಾಯಿಲ್, ಕಂಡೆನ್ಸರ್ ಬದಲಾದವು. ಕಾರ್ಬೊರೇಟರನ್ನು ಎರಡು ಸಲ ಬಿಚ್ಚಿ ತೊಳೆದರು. ಪ್ರತಿಸಲವೂ ಗ್ಯಾರೇಜಿನ ಮುಂದಿನ ರಸ್ತೆಯಲ್ಲಿ ಒಂದು ಸುತ್ತು ಹೊಡೆದು "ಸರಿಯಾಯ್ತು" ಎಂದು ಕೀಲಿಕೈ ಕೊಟ್ಟರು. ಅವರ ಪಾಲಿಗೆ ಅದು ನಿಜವೇ ಆಗಿತ್ತು.

ಅದೊಂದು ಸಂಜೆ ಕುಮಟಾದಿಂದ ಬರುತ್ತಿದ್ದೆ. ಘಟ್ಟದ ತಿರುವಿನಲ್ಲಿ ಮತ್ತೆ ನಿಂತಿತು. ಮಂಜು, ಮಳೆ, ಜಿಗಣೆ. ಹಿಂದೆ ಬಂದ ಲಾರಿಯವರೊಬ್ಬರು ನಿಲ್ಲಿಸಿದರು. ಕಾಯಿಲೆಯನ್ನೆಲ್ಲ ಹೇಳಿದೆ. ಅವರು ಬೈಕನ್ನು ಮುಟ್ಟಲೂ ಇಲ್ಲ. "ಟ್ಯಾಂಕಿನ ಮುಚ್ಚಳ ಒಂದ್ಸಲ ತೆಗೀರಿ ಅಣ್ಣ, ನೋಡ್ವ" ಅಂದರು. ತೆಗೆದೆ. ಹುಸ್ಸೆಂದು ಗಾಳಿ ಒಳಗೆ ಎಳೆದುಕೊಂಡ ಸದ್ದು. ಒಂದೇ ಕಿಕ್ಕಿಗೆ ಇಂಜಿನ್ ಹೊಡೆಯಿತು.

ಎಳನೀರಿಗೆ ಒಂದೇ ಸಣ್ಣ ತೂತು ಮಾಡಿ ಬಗ್ಗಿಸಿದರೆ ನೀರು ಸರಾಗ ಬೀಳುವುದಿಲ್ಲವಲ್ಲ, ಅದೇ ಕಾರಣ. ಪೆಟ್ರೋಲ್ ಕೆಳಗೆ ಇಳಿಯಬೇಕಾದರೆ ಮೇಲಿನಿಂದ ಅಷ್ಟೇ ಗಾಳಿ ಒಳಗೆ ಬರಬೇಕು. ಅದಕ್ಕೆಂದೇ ಮುಚ್ಚಳದಲ್ಲಿ ಒಂದು ಸೂಜಿ ರಂಧ್ರ. ವರ್ಷಗಟ್ಟಲೆ ಹಚ್ಚಿದ ಪಾಲಿಶ್ ಮೇಣ, ಕೆಂಪು ಮಣ್ಣಿನ ಧೂಳು ಸೇರಿ ಅದು ಮುಚ್ಚಿಹೋಗಿತ್ತು. ಪೇಟೆಯಲ್ಲಿ ಇಂಜಿನ್ ಕುಡಿಯುವುದು ಕಡಿಮೆ, ಸಂದಿಯಿಂದ ಜಿನುಗಿದ ಗಾಳಿಯೇ ಸಾಕಾಗುತ್ತಿತ್ತು. ಏರು ಹತ್ತುವಾಗ ಪೆಟ್ರೋಲ್ ಜಾಸ್ತಿ ಬೇಕು, ಟ್ಯಾಂಕಿನೊಳಗೆ ನಿರ್ವಾತ ಹುಟ್ಟಿ ಹರಿವು ನಿಲ್ಲುತ್ತಿತ್ತು. ಹತ್ತು ನಿಮಿಷ ನಿಂತರೆ ಗಾಳಿ ಮೆಲ್ಲಗೆ ಸೇರಿ ಮತ್ತೆ ಶುರು. ಮನೆಗೆ ಬಂದು ಒಂದು ಸೂಜಿಯಿಂದ ಚುಚ್ಚಿದೆ. ಖರ್ಚು ಸೊನ್ನೆ.

ಆ ಗ್ಯಾರೇಜಿನವರು ಕೆಲಸ ಬಾರದವರು ಎಂದು ನಾನು ಹೇಳುತ್ತಿಲ್ಲ. ಅವರು ಬೈಕನ್ನು ನೋಡುವುದು ಅರ್ಧ ಗಂಟೆ, ಅದೂ ಸಮತಟ್ಟು ರಸ್ತೆಯಲ್ಲಿ. ಎಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತಿಗೆ ಮತ್ತೆ ಶುರುವಾಗುತ್ತದೆ, ಆಗ ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲಿತ್ತು ಎಂಬುದೆಲ್ಲ ಗೊತ್ತಿದ್ದದ್ದು ನನಗೆ ಮಾತ್ರ. ಗೊತ್ತಿದ್ದದ್ದನ್ನು ಜೋಡಿಸಿ ನೋಡುವ ಅಭ್ಯಾಸ ನನಗಿರಲಿಲ್ಲ. ಅವತ್ತಿನಿಂದ ಒಂದು ನೋಟುಬುಕ್ಕು ಇಟ್ಟಿದ್ದೇನೆ. ತಾರೀಕು, ಮೀಟರ್ ಓದು, ಮಾಡಿದ ಕೆಲಸ, ಕೇಳಿದ ಹೊಸ ಸದ್ದು. ಇವತ್ತು ಮೆಕ್ಯಾನಿಕ್ ಹತ್ತಿರ ಹೋದರೆ "ಏನೋ ಸೌಂಡ್ ಬರ್ತದೆ" ಎನ್ನುವುದಿಲ್ಲ. "ಮೂರನೇ ಗೇರಿನಲ್ಲಿ, ಬಿಸಿಯಾದ ಮೇಲೆ, ಆಕ್ಸಿಲರೇಟರ್ ಬಿಟ್ಟಾಗ" ಎನ್ನುತ್ತೇನೆ. ಅವನ ಅರ್ಧ ದಿನ ಉಳಿಯುತ್ತದೆ.

ಪೆಟ್ರೋಲಿನ ಮಾತು ಬಂದದ್ದರಿಂದ ಇನ್ನೊಂದು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲ್ ಬಿಡುಗಡೆಯಾಯಿತು. ಈಗ ಬಂಕುಗಳಲ್ಲಿ ಸಿಗುವುದು ಹೆಚ್ಚಾಗಿ ಅದೇ. ಎಥೆನಾಲಿಗೆ ನೀರನ್ನು ಹೀರುವ ಗುಣ. ನಮ್ಮ ಜುಲೈ ಗಾಳಿಯಲ್ಲಿ ಅದಕ್ಕೆ ನೀರಿನ ಬರವಿಲ್ಲ. ನೀರು ಒಂದು ಮಿತಿ ದಾಟಿದರೆ ಎಥೆನಾಲ್ ಸಮೇತ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿದು ಕೂರುತ್ತದೆ. ಟ್ಯಾಂಕ್ ಒಳಗಿನಿಂದ ತುಕ್ಕು ಹಿಡಿಯುವುದು ಹೀಗೆ. ಹಳೆಯ ಬೈಕುಗಳ ರಬ್ಬರ್ ಪೈಪು, ಸೋರಿಕೆ ತಡೆಯುವ ರಬ್ಬರ್ ಬಳೆಗಳಾದ ಓರಿಂಗ್‌ಗಳನ್ನು ಎಥೆನಾಲ್ ಉಬ್ಬಿಸಿ ಮೆತ್ತಗೆ ಮಾಡುವುದೂ ಉಂಟು. ಆದ್ದರಿಂದ ಮಳೆಗೆ ಮುಂಚೆ ಪೆಟ್ರೋಲ್ ಪೈಪನ್ನು ಬೆರಳಲ್ಲಿ ಬಗ್ಗಿಸಿ ನೋಡಿ. ಬಿರುಕು ಕಂಡರೆ, ಕೈಗೆ ಅಂಟಿದರೆ ಬದಲಿಸಿ. ಪೆಟ್ರೋಲ್ ಟ್ಯಾಪಿನ ತಳದ ಬಟ್ಟಲು ಬಿಚ್ಚಿ ಒಂದು ಗಾಜಿನ ಲೋಟಕ್ಕೆ ಸುರಿದು ಬೆಳಕಿಗೆ ಹಿಡಿಯಿರಿ. ನೀರಿದ್ದರೆ ಕೆಳಗೆ ಮಣಿಯ ಹಾಗೆ ಉರುಳಾಡುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವ ಬೈಕಾದರೆ ಟ್ಯಾಂಕನ್ನು ಹೊಸ ಪೆಟ್ರೋಲಿನಿಂದ ತುಂಬಿಸಿಡಿ, ಒಳಗೆ ತೇವದ ಗಾಳಿಗೆ ಜಾಗ ಇರಬಾರದು. ಕಾರ್ಬೊರೇಟರಿನ ಬಟ್ಟಲನ್ನು ಮಾತ್ರ ಖಾಲಿ ಮಾಡಿ. ಈ ಕೆಲಸಗಳನ್ನೆಲ್ಲ ಅಂಗಳದಲ್ಲಿ, ಹಗಲಲ್ಲಿ ಮಾಡಬೇಕು. ಹತ್ತಿರದಲ್ಲಿ ಬಚ್ಚಲ ಒಲೆ ಉರಿಯುತ್ತಿರಬಾರದು.

ಚೈನು. ಮಳೆಗಾಲದಲ್ಲಿ ಬೈಕಿನಲ್ಲಿ ಅತಿ ಹೆಚ್ಚು ಕಷ್ಟಪಡುವ ಭಾಗ ಇದು. ಕೆಂಪು ರಾಡಿ ಒಣಗಿದರೆ ಅರೆಯುವ ಪುಡಿ, ಒದ್ದೆಯಾದರೆ ಅರೆಯುವ ಲೇಪ. ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಇಂಜಿನ್ ಬಂದ್ ಮಾಡಿ, ಕೀಲಿಕೈ ಕಿಸೆಗೆ ಹಾಕಿಕೊಳ್ಳಿ. ಇದನ್ನು ಒತ್ತಿ ಹೇಳುತ್ತೇನೆ. ಇಂಜಿನ್ ಓಡಿಸುತ್ತ ಚೈನಿಗೆ ಬಟ್ಟೆ ಹಿಡಿಯಲು ಹೋಗಿ ಬೆರಳು ಕಳೆದುಕೊಂಡವರಿದ್ದಾರೆ. ಚಕ್ರವನ್ನು ಕೈಯಲ್ಲೇ ತಿರುಗಿಸಿ. ಹಳೆ ಹಲ್ಲುಜ್ಜುವ ಬ್ರಷ್ಷಿಗೆ ಸೀಮೆಎಣ್ಣೆ ಹಚ್ಚಿ ಪ್ರತಿ ಕೊಂಡಿ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ, ಒಂದು ಗಂಟೆ ಬಿಟ್ಟು 90 ನಂಬರಿನ ಗೇರ್ ಆಯಿಲನ್ನು ಒಳಬದಿಯಿಂದ, ಕೊಂಡಿಗಳ ಸಂದಿಗೆ ಹನಿ ಹನಿಯಾಗಿ ಬಿಡಿ. ಪೆಟ್ರೋಲಿನಲ್ಲಿ ತೊಳೆಯಬೇಡಿ. ಈಗಿನ ಚೈನುಗಳ ಕೊಂಡಿಗಳೊಳಗೆ ಇರುವ ರಬ್ಬರ್ ಓರಿಂಗ್ ಹಾಳಾಗುತ್ತದೆ. ಎಣ್ಣೆ ಹಚ್ಚಲು ಒಳ್ಳೆಯ ಸಮಯ ರಾತ್ರಿ, ಓಡಿಸಿ ಬಂದ ಮೇಲೆ ಚೈನು ಬೆಚ್ಚಗಿರುವಾಗ. ಬೆಳಗ್ಗೆ ಹೊರಡುವ ಮುನ್ನ ಹಚ್ಚಿದರೆ ಅರ್ಧ ಎಣ್ಣೆ ನಿಮ್ಮ ಪ್ಯಾಂಟಿಗೆ ಹೋಗುತ್ತದೆ.

ಸಡಿಲ ಎಷ್ಟಿರಬೇಕು? ನಮ್ಮ ಬುಲೆಟ್ಟುಗಳಿಗೆ ಕೆಳಗಿನ ಸಾಲಿನ ಮಧ್ಯೆ ಬೆರಳಿನಿಂದ ಎತ್ತಿ ಇಳಿಸಿದರೆ 25ರಿಂದ 30 ಮಿಲಿಮೀಟರ್. ಒಂದೇ ಕಡೆ ನೋಡಿ ಬಿಡಬೇಡಿ. ಚಕ್ರ ತಿರುಗಿಸುತ್ತ ನಾಲ್ಕು ಕಡೆ ನೋಡಿ, ಅತಿ ಬಿಗಿಯಾದ ಜಾಗದ ಅಳತೆಯನ್ನೇ ಹಿಡಿಯಿರಿ. ಬಿಗಿ ಮಾಡುವಾಗ ಎರಡೂ ಬದಿಯ ಅಡ್ಜಸ್ಟರ್ ಒಂದೇ ಗುರುತಿಗೆ ಬರಬೇಕು. ಇಲ್ಲವಾದರೆ ಚಕ್ರ ಓರೆಯಾಗಿ, ಟೈರು ಒಂದು ಬದಿ ಸವೆಯುತ್ತದೆ.

ಇಲ್ಲಿ ಹಿರಿಯರೊಬ್ಬರು ಎದ್ದು, ತೆಗೆದ ಹಳೆ ಇಂಜಿನ್ ಆಯಿಲನ್ನೇ ಚೈನಿಗೆ ಹಚ್ಚಬಹುದಲ್ಲ, ತಾವು ಮೂವತ್ತು ವರ್ಷ ಅದನ್ನೇ ಮಾಡಿದ್ದು ಎಂದರು. ಅವರ ಬೈಕು ಇನ್ನೂ ಓಡುತ್ತಿದೆ, ಅದಕ್ಕೆ ನನ್ನ ಗೌರವವಿದೆ. ಆದರೂ ಬೇಡ ಎನ್ನುತ್ತೇನೆ. ಹಳೆ ಆಯಿಲಿನಲ್ಲಿ ಸವೆದ ಲೋಹದ ಪುಡಿ ಇದೆ, ಆಮ್ಲದ ಅಂಶ ಇದೆ. ಚರ್ಮಕ್ಕೂ ಅದು ಒಳ್ಳೆಯದಲ್ಲ, ಪದೇ ಪದೇ ತಗುಲಿದರೆ ಕ್ಯಾನ್ಸರ್ ತರಬಲ್ಲ ವಸ್ತುಗಳು ಅದರಲ್ಲಿವೆ. ಕೈಗವಸು ಹಾಕಿಕೊಳ್ಳಿ. ಗೆದ್ದಲಿಗೆಂದು ಮರಕ್ಕೆ ಬಳಿಯುವ ರೂಢಿಯೂ ನಮ್ಮಲ್ಲಿದೆ. ಅದನ್ನು ಬಿಡಬೇಕು, ಮಳೆಗೆ ಕರಗಿ ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಿ. ಹತ್ತು ಮಾರು ದೂರದಲ್ಲಿ ಬಾವಿ ಇರುತ್ತದೆ. ಡಬ್ಬಿಯಲ್ಲಿ ಹಿಡಿದಿಟ್ಟು ಗ್ಯಾರೇಜಿಗೆ ಕೊಡಿ, ಅಲ್ಲಿಂದ ಅದನ್ನು ಒಯ್ಯುವವರಿದ್ದಾರೆ.

ಇಂಜಿನ್ ಆಯಿಲ್ ಬದಲಿಸುವುದು ಮನೆಯಲ್ಲಿ ಮಾಡಬಹುದಾದ ಕೆಲಸವೇ. ಹತ್ತು ನಿಮಿಷ ಓಡಿಸಿ, ಬೆಚ್ಚಗಾದಾಗ ಇಳಿಸಿ. ಡ್ರೇನ್ ಬೋಲ್ಟನ್ನು ಹಾಕುವಾಗ ಮೊದಲ ಸುತ್ತುಗಳನ್ನು ಬೆರಳಿನಿಂದಲೇ ತಿರುಗಿಸಬೇಕು, ಆಮೇಲೆ ಸ್ಪ್ಯಾನರ್. ಅಲ್ಯೂಮಿನಿಯಮ್ ಕೇಸಿನ ತ್ರೆಡ್ಡು ಮೃದು, ಒಂದು ಸಲ ಅಡ್ಡ ಏರಿಸಿದರೆ ಹೋಯಿತು. ಕ್ಲಾಸಿಕ್ ಇರುವವರು ಬಲಬದಿಯ ಆಯಿಲ್ ಕಿಟಕಿಯನ್ನು ಬೈಕು ನೆಟ್ಟಗೆ ನಿಲ್ಲಿಸಿ, ಇಂಜಿನ್ ನಿಂತು ಕೆಲವು ನಿಮಿಷವಾದ ಮೇಲೆ ನೋಡಿ. ಮಳೆಗಾಲದಲ್ಲಿ ಅಲ್ಲಿ ಹಾಲು ಹಾಕಿದ ಚಹಾದ ಬಣ್ಣ ಕಂಡರೆ ಆಯಿಲಿಗೆ ನೀರು ಬೆರೆತಿದೆ ಎಂದರ್ಥ. ಮನೆಯಿಂದ ಹಾಲಿನ ಡೈರಿಗೆ, ಡೈರಿಯಿಂದ ಮನೆಗೆ ಎಂದು ಒಂದೊಂದೇ ಕಿಲೋಮೀಟರ್ ಓಡಿಸುವ ಬೈಕುಗಳಲ್ಲಿ ಇದು ಜಾಸ್ತಿ. ಇಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ, ಒಳಗೆ ಹುಟ್ಟಿದ ಹಬೆ ಹೊರಹೋಗುವುದಿಲ್ಲ. ವಾರಕ್ಕೊಮ್ಮೆ ಮೂವತ್ತು ಕಿಲೋಮೀಟರ್ ಒಂದೇ ಓಟ ಓಡಿಸಿ. ಆಮೇಲೂ ಬಣ್ಣ ಹೋಗದಿದ್ದರೆ ಆಯಿಲ್ ಬದಲಿಸಿ.

ಪ್ಲಗ್ಗಿನ ಕಿಡಿಗಾಗಿ ಕರೆಂಟನ್ನು ಕೂಡಿಸಿ ಬಿಡಿಸುವ ಪಾಯಿಂಟ್ ಇರುವ ಹಳೆ ಬುಲೆಟ್ಟಿನವರಿಗೆ ಒಂದು ಮಾತು, ಇದು ನನ್ನ ಮನಸ್ಸಿಗೆ ಬಹಳ ಹತ್ತಿರದ ಕೆಲಸ. ಜಡಿಮಳೆಯ ಬೆಳಗ್ಗೆ ಕಿಕ್ಕಿಗೆ ಬಾರದೆ ಹಟ ಹಿಡಿದರೆ ಮೊದಲು ಪಾಯಿಂಟಿನ ಮುಚ್ಚಳ ತೆಗೆಯಿರಿ. ಒಳಗೆ ಕಿರುಬೆರಳಿನ ಉಗುರಿಗಿಂತ ಸಣ್ಣ ಎರಡು ತುದಿಗಳು. ಇಂಜಿನ್ನಿನ ಹೊಡೆತವೆಲ್ಲ ಅವು ಕೂಡಿ ಬಿಡುವುದರ ಮೇಲೆ ನಿಂತಿದೆ. ತೇವಕ್ಕೆ ಅವುಗಳ ಮೇಲೆ ಬೂದುಬಣ್ಣದ ಪೊರೆ ಬರುತ್ತದೆ. ಬಿಳಿ ಕಾಗದದ ಒಂದು ಪಟ್ಟಿಯನ್ನು ನಡುವೆ ತೂರಿಸಿ, ತುದಿಗಳು ಕಚ್ಚಿಕೊಂಡಿರುವಾಗ ಮೆಲ್ಲಗೆ ಎಳೆಯಿರಿ. ಕಾಗದದ ಮೇಲೆ ಕರಿಗೆರೆ ಬೀಳುತ್ತದೆ. ಗೆರೆ ಬೀಳುವುದು ನಿಲ್ಲುವ ತನಕ ಹೊಸ ಹೊಸ ಪಟ್ಟಿ. ಆಮೇಲೆ ಇಂಜಿನ್ ತಿರುಗಿಸಿ, ತುದಿಗಳು ಪೂರ್ತಿ ತೆರೆದಾಗ ಸಂದಿ ಅಳೆಯುವ ತೆಳು ತಗಡು, ಫೀಲರ್ ಗೇಜ್ ಹಾಕಿ: 0.35ರಿಂದ 0.40 ಮಿಲಿಮೀಟರ್. ಗೇಜಿನ ತಗಡು ಸಿಕ್ಕಿಕೊಳ್ಳಬಾರದು, ಆಡಲೂಬಾರದು, ಬೆಣ್ಣೆಯಲ್ಲಿ ಎಳೆದ ಹಾಗೆ ತುಸು ತಡೆದು ಬರಬೇಕು. ಈ ಇಂಜಿನ್ನಿನ ಟ್ಯಾಪೆಟ್, ಅಂದರೆ ವಾಲ್ವುಗಳ ಸಂದಿ ಹೊಂದಿಸುವುದೂ ಹಾಗೆಯೇ ಬೆರಳಿನ ಕೆಲಸ. ಇಂಜಿನ್ ತಣ್ಣಗಿರುವಾಗ ವಾಲ್ವನ್ನು ತೆರೆಸುವ ಸರಳು, ಪುಶ್‌ರಾಡ್, ಎರಡು ಬೆರಳಿನಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಮಾತ್ರ ಆಡಬಾರದು. ಅಪ್ಪ ನನ್ನ ಬೆರಳನ್ನು ಹಿಡಿದು ಆ ಪುಶ್‌ರಾಡಿನ ಮೇಲೆ ಇಟ್ಟದ್ದು, "ಈಗ ಗೊತ್ತಾತಾ?" ಎಂದು ಕೇಳಿದ್ದು ನನಗಿನ್ನೂ ಹಸಿಯಾಗಿದೆ. 2009ರ ಕ್ಲಾಸಿಕ್ ಇಂಜಿನ್ನಿನಲ್ಲಿ ಟ್ಯಾಪೆಟ್ ಹೈಡ್ರಾಲಿಕ್, ಆಯಿಲಿನ ಒತ್ತಡದಲ್ಲಿ ತಾನೇ ಹೊಂದಿಕೊಳ್ಳುತ್ತದೆ, ಅಲ್ಲಿ ಈ ಕೆಲಸವೇ ಇಲ್ಲ.

ಹಳೆ ಬುಲೆಟ್ ಬಿಚ್ಚುವವರು ಸ್ಪ್ಯಾನರಿನ ಬಗ್ಗೆ ಎಚ್ಚರವಾಗಿರಿ. ಅದು ಇಂಗ್ಲೆಂಡಿನಲ್ಲಿ ಹುಟ್ಟಿ 1955ರಲ್ಲಿ ಮದ್ರಾಸಿಗೆ ಬಂದ ಗಾಡಿ. ಹಳೆಯವುಗಳ ಎಷ್ಟೋ ನಟ್ಟುಗಳು ಇಂಚಿನ ಲೆಕ್ಕದವು. ಮಿಲಿಮೀಟರ್ ಸ್ಪ್ಯಾನರ್ ಹಾಕಿ ಒತ್ತಿದರೆ ಮೂಲೆ ಸವೆದು ದುಂಡಗಾಗುತ್ತದೆ. ಯೆಜ್ಡಿಯವರಿಗೆ ಆ ತೊಂದರೆ ಇಲ್ಲ, ಅದರ ಮೂಲ ಜೆಕ್ ದೇಶದ ಜಾವಾ, ಎಲ್ಲ ಮಿಲಿಮೀಟರ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಮುಚ್ಚಿ ಇಷ್ಟು ವರ್ಷವಾದರೂ ಹೊರಗೆ ಎರಡು ರೋಡ್‌ಕಿಂಗ್ ನಿಂತಿವೆ. ಅವನ್ನು ಉಳಿಸಿದ್ದು ಯಾವ ಸರ್ವಿಸ್ ಸೆಂಟರೂ ಅಲ್ಲ, ಅದರ ಮಾಲೀಕರ ಕೈಗಳು.

ಕೇಬಲ್‌ಗಳ ಬಗ್ಗೆ ಸಣ್ಣದಾಗಿ ಹೇಳಿಬಿಡುತ್ತೇನೆ. ಕ್ಲಚ್ ಕೇಬಲ್ ಹರಿಯುವುದು ಹೆಚ್ಚಾಗಿ ಲಿವರಿನ ಹತ್ತಿರದ ಗುಂಡಿನ ಬುಡದಲ್ಲಿ. ಒಂದೆರಡು ಎಳೆ ಮುಳ್ಳಿನ ಹಾಗೆ ಎದ್ದು ಕಂಡಾಗಲೇ ಬದಲಿಸಿ. ಹೊಸ ಕೇಬಲನ್ನು ಹಳೆಯದರ ಪಕ್ಕಕ್ಕೇ ಎಳೆದು, ಎರಡೂ ತುದಿಗೆ ಗ್ರೀಸು ಹಚ್ಚಿ ಪ್ಲಾಸ್ಟಿಕ್ ಸುತ್ತಿ ಕಟ್ಟಿಟ್ಟರೆ ಇನ್ನೂ ಒಳ್ಳೆಯದು. ಅರಬೈಲ್ ಘಟ್ಟದಲ್ಲಿ ಕತ್ತಲಲ್ಲಿ ಕೇಬಲ್ ಹರಿದರೆ ತುದಿ ಸಿಕ್ಕಿಸಿ ಹೊರಡಬಹುದು. ಬ್ರೇಕಿನದು ಇನ್ನೂ ಚಿಕ್ಕ ಮಾತು. ಡ್ರಮ್ ಬ್ರೇಕಿನವರು ಹಳ್ಳ ದಾಟಿದ ಮೇಲೆ ಮೆಲ್ಲಗೆ ಒತ್ತಿಕೊಂಡೇ ಸ್ವಲ್ಪ ದೂರ ಹೋಗಿ ಒಣಗಿಸಿ. ಡಿಸ್ಕಿನವರು ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿ, ಅದೂ ನೀರು ಹೀರುತ್ತದೆ.

ಹಿಂದಿನ ಸಾಲಿನಿಂದ ಒಬ್ಬಳು ಹುಡುಗಿ ಕೇಳಿದಳು: "ಸರ್, ನಂದು ಹೊಸ ಕ್ಲಾಸಿಕ್, ಕಿಕ್ಕರೇ ಇಲ್ಲ. ಅದ್ರಲ್ಲಿ ನಾನು ಮಾಡೋದು ಎಂತದಿದೆ?" ಒಳ್ಳೆಯ ಪ್ರಶ್ನೆ. ಕಿಕ್ಕರ್ ಇಲ್ಲ ಎಂದರೆ ಅವಳ ಬೈಕಿನ ಪ್ರಾಣ ಬ್ಯಾಟರಿಯಲ್ಲಿದೆ. ಒಂದು ಸಾದಾ ಮಲ್ಟಿಮೀಟರ್ ತೆಗೆದುಕೊಳ್ಳಮ್ಮ ಎಂದೆ. ರಾತ್ರಿಯಿಡೀ ನಿಂತ ಬೈಕಿನ ಬ್ಯಾಟರಿ ಬೆಳಗ್ಗೆ 12.6 ವೋಲ್ಟ್ ಅಥವಾ ಅದಕ್ಕಿಂತ ತುಸು ಮೇಲೆ ತೋರಿಸಿದರೆ ಆರೋಗ್ಯ. 12.4ಕ್ಕೆ ಇಳಿದರೆ ಚಾರ್ಜ್ ಬೇಕು. 12ಕ್ಕಿಂತ ಕೆಳಗೆ ಹೋದರೆ ಅಪಾಯ. ಇಂಜಿನ್ ಓಡುವಾಗ 13.5ರಿಂದ 14.5ರ ಒಳಗೆ ಇರಬೇಕು, ಇಲ್ಲದಿದ್ದರೆ ದೋಷ ಬ್ಯಾಟರಿಯದಲ್ಲ, ಚಾರ್ಜ್ ಮಾಡುವ ಕಡೆಯದು. ಬ್ಯಾಟರಿ ಕಳಚುವಾಗ ಮೊದಲು ನೆಗೆಟಿವ್, ಜೋಡಿಸುವಾಗ ಕೊನೆಗೆ ನೆಗೆಟಿವ್. ಕ್ರಮ ತಪ್ಪಿದರೆ ಸ್ಪ್ಯಾನರ್ ಚೌಕಟ್ಟಿಗೆ ತಾಗಿ ಕಿಡಿ ಹಾರುತ್ತದೆ. ಟರ್ಮಿನಲ್ಲಿಗೆ ಪೆಟ್ರೋಲಿಯಮ್ ಜೆಲ್ಲಿ ಹಚ್ಚು. ವಾರಂಟಿ ಇರುವ ತನಕ ಕಂಪನಿಯ ಸರ್ವಿಸ್ ಬಿಡಬೇಡ. ತೊಳೆಯುವುದು, ಒಣಗಿಸುವುದು, ಚೈನು, ಗಾಳಿ, ಬ್ಯಾಟರಿ, ಬೋಲ್ಟಿನ ಬಿಗಿ, ಇಷ್ಟು ನಿನ್ನದು. ನಮ್ಮ ಜಿಲ್ಲೆಯಲ್ಲಿ ಬೈಕು ಉಳಿಯುವುದು ಇಷ್ಟರಲ್ಲೇ.

ಮನೆಯ ರಿಪೇರಿಯನ್ನು ಎಲ್ಲಿಗೆ ನಿಲ್ಲಿಸಬೇಕು ಎಂಬುದನ್ನೂ ಹೇಳಬೇಕು. ಇಂಜಿನ್ನಿನ ಹೆಡ್ಡು, ಗೇರ್ ಬಾಕ್ಸ್, ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ಜಾರದಂತೆ ನೋಡುವ ಎಬಿಎಸ್, ಫ್ಯುಯೆಲ್ ಇಂಜೆಕ್ಷನ್ ಇವನ್ನು ನಾನು ಬಿಚ್ಚುವುದಿಲ್ಲ. ಟ್ಯಾಂಕಿಗೆ ತೂತು ಬಿದ್ದರೆ ಮನೆಯಲ್ಲಿ ಬೆಸುಗೆಗೆ ಹೋಗಬೇಡಿ. ಖಾಲಿ ಟ್ಯಾಂಕಿನೊಳಗಿನ ಪೆಟ್ರೋಲ್ ಹಬೆ ಬಾಂಬಿಗೆ ಸಮ. ಕೂತುಹೋದ ಸ್ಕ್ರೂ ಕಂಡರೆ ಬಲ ಹಾಕಬೇಡಿ. ಅಲ್ಯೂಮಿನಿಯಮ್ ಒಳಗೆ ಉಕ್ಕಿನ ಸ್ಕ್ರೂ ತೇವಕ್ಕೆ ಬಿಳಿ ಪುಡಿ ಕಟ್ಟಿ ಹಿಡಿದುಕೊಂಡಿರುತ್ತದೆ, ತಲೆ ಮುರಿದರೆ ಮುಂದಿನ ಕೆಲಸ ಹತ್ತು ಪಟ್ಟು. ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ. ಬಿಚ್ಚಿ ಬಂದ ಮೇಲೆ ತ್ರೆಡ್ಡಿಗೆ ಒಂದಿಷ್ಟು ಗ್ರೀಸು ಸವರಿ ಹಾಕಿ, ಮುಂದಿನ ಸಲ ಬಿಚ್ಚುವವರಿಗೆ ಉಪಕಾರ.

ಮಾತು ಮುಗಿದ ಮೇಲೆ ಎಲ್ಲರೂ ಅಂಗಳಕ್ಕೆ ಬಂದೆವು. ಸ್ಪೋಕು ನೋಡುವುದು ಹೇಗೆ ಎಂದು ತೋರಿಸಿ ಎಂದರು. ಹುಡುಗನೊಬ್ಬನ ಕೈಗೆ ಚಿಕ್ಕ ಸ್ಪ್ಯಾನರ್ ಕೊಟ್ಟು, ಒಂದು ಯೆಜ್ಡಿಯ ಹಿಂದಿನ ಚಕ್ರ ತಿರುಗಿಸುತ್ತ ಒಂದೊಂದೇ ಸ್ಪೋಕನ್ನು ತಟ್ಟು ಎಂದೆ. ಟಿಂಗ್, ಟಿಂಗ್, ಟಿಂಗ್. ಎಲ್ಲರೂ ಸುಮ್ಮನೆ ನಿಂತು ಕೇಳುತ್ತಿದ್ದರು. ಹನ್ನೊಂದನೆಯದು ಟಪ್ ಎಂದಿತು. ಹುಡುಗ ನನ್ನ ಮುಖ ನೋಡಿ ಅದನ್ನೇ ಇನ್ನೊಮ್ಮೆ ತಟ್ಟಿದ. ಬೈಕಿನ ಮಾಲೀಕರು ಕೂತು ನಿಪ್ಪಲ್ಲನ್ನು ಬೆರಳಲ್ಲಿ ಹಿಡಿದರು, ಸಡಿಲ. ಸೀಮೆಸುಣ್ಣದಲ್ಲಿ ಒಂದು ಗುರುತು ಹಾಕಿಕೊಟ್ಟೆ. ಸೋಮವಾರ ಚಕ್ರದ ಬೆಂಡು ತೆಗೆಸಲು ಕೊಡುತ್ತೇನೆ ಎಂದರು ಅವರು. ಅಷ್ಟರಲ್ಲಿ ಹುಡುಗ ಪಕ್ಕದ ಬುಲೆಟ್ಟಿನ ಚಕ್ರದ ಮುಂದೆ ಕೂತು ಮೊದಲನೇ ಸ್ಪೋಕು ತಟ್ಟಿದ್ದ.